ಕಾಣದ ಬಿಸಿಲು, ಇರುಳಿನ ದೀಪ್ತಿ

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿ ಮಳೆಯ ವಿಷಯದಲ್ಲಿ ಬಡವಾದರೂ ಆಕಾಶದ ವಿಷಯದಲ್ಲಿ ಬಡವಲ್ಲ. ಪಶ್ಚಿಮದ ಮೋಡಗಳು ತಮ್ಮ ಭಾರವನ್ನೆಲ್ಲ ಮಲೆನಾಡಿನಲ್ಲೇ ಇಳಿಸಿ ಬರಿಗೈಯಲ್ಲಿ ಹಾದುಹೋಗುವ ಈ ಬಯಲುಸೀಮೆಯಲ್ಲಿ, ಹಿಂಗಾರು ಮುಗಿದು ಜೋಳದ ತೆನೆ ಬಲಿಯತೊಡಗಿದ ಕಾಲದಿಂದ ಬೇಸಗೆಯ ಮೊದಲ ಗುಡುಗಿನವರೆಗೆ, ರಾತ್ರಿಯ ಗಗನ ತಿಂಗಳುಗಟ್ಟಲೆ ನಿರ್ಮಲವಾಗಿರುತ್ತದೆ. ಅಮಾವಾಸ್ಯೆಯ ಇರುಳಿನಲ್ಲಿ ಊರ ದೀಪಗಳಿಂದ ದೂರ ಸರಿದು, ಹೊಲದ ಬದುವಿನ ಮೇಲೆ ನಿಂತು, ಕಣ್ಣು ಕತ್ತಲೆಗೆ ಒಗ್ಗುವವರೆಗೂ ಕಾದು, ಆಮೇಲೆ ಅಂಗೈಯನ್ನು ಆಕಾಶಕ್ಕೆ ಎತ್ತಿ ಹಿಡಿದರೆ ಅದರ ಆಕಾರ ಕಪ್ಪಾಗಿ ಕಾಣಬರುತ್ತದೆ. ಕೈ ಕಪ್ಪಾಗಿ ಕಾಣಬೇಕಾದರೆ ಅದರ ಹಿಂದಣ ಆಕಾಶ ಕೈಗಿಂತ ಬೆಳ್ಳಗಿರಲೇಬೇಕಷ್ಟೆ. ಆ ಬೆಳ್ಳನೆಯ ಛಾಯೆಯಲ್ಲಿ ನಕ್ಷತ್ರಗಳ ಪಾಲೊಂದುಂಟು. ಗ್ರಹಗಳ ನಡುವೆ ಹರಡಿರುವ ಧೂಳು ಚೆದರಿಸುವ ಸೂರ್ಯಪ್ರಕಾಶದ ಪಾಲೊಂದುಂಟು. ಆದರೆ ಇವೆರಡರಿಂದಲೂ ಲೆಕ್ಕ ತೀರುವುದಿಲ್ಲ. ಉಳಿದದ್ದು ನಮ್ಮ ತಲೆಯ ಮೇಲಿನ ಗಾಳಿಯದೇ ಬೆಳಕು. ವಿಜ್ಞಾನಿಗಳು ವಾಯುದೀಪ್ತಿ ಎಂದು ಕರೆಯುವ ಈ ಪ್ರಭೆ ಭೂಮಿಯ ಸುತ್ತ ಎಲ್ಲ ಕಡೆಯೂ ಎಲ್ಲ ಇರುಳುಗಳಲ್ಲಿಯೂ ಇರುವಂಥದು. ಧ್ರುವಪ್ರದೇಶಗಳ ವರ್ಣರಂಜಿತ ಅರುಣಪ್ರಭೆಯ ಹಾಗೆ ಕೆಲವೇ ದೇಶಗಳ ಸೊತ್ತಲ್ಲ.

ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1868ರಲ್ಲಿ ರಾತ್ರಿಯ ಆಕಾಶಕ್ಕೆ ತನ್ನ ರೋಹಿತದರ್ಶಕವನ್ನು ಹಿಡಿದಾಗ, ಅರುಣಪ್ರಭೆಯ ಸುಳಿವೇ ಇಲ್ಲದ ದಿಕ್ಕಿನಲ್ಲಿಯೂ ಹಸಿರು ಬಣ್ಣದ ಒಂದು ಗೆರೆ ಕಂಡಿತಂತೆ. ಅದು ಆಮ್ಲಜನಕದ ಪರಮಾಣುವಿನ ಗೆರೆಯೆಂದೂ 557.7 ನ್ಯಾನೊಮೀಟರ್ ತರಂಗಾಂತರದ್ದೆಂದೂ ನಿಶ್ಚಯವಾಗುವುದಕ್ಕೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಆ ಕಾಲದಲ್ಲಿ ಈ ಬೆಳಕನ್ನು ಅಳೆಯುವುದಕ್ಕೆ ತನ್ನ ಬಾಳಿನ ಅನೇಕ ವರ್ಷಗಳನ್ನು ಮುಡಿಪಿಟ್ಟವನು ರಾಬರ್ಟ್ ಸ್ಟ್ರಟ್. ಇವನು ನಾಲ್ಕನೆಯ ರ್‍ಯಾಲೇ ಪ್ರಭು, ಆಕಾಶದ ನೀಲಿಯನ್ನು ವಿವರಿಸಿದ ಪ್ರಸಿದ್ಧ ರ್‍ಯಾಲೇಯ ಮಗ. ತಂದೆಗೆ ಹಗಲಿನ ಆಕಾಶ, ಮಗನಿಗೆ ಇರುಳಿನದು. ಪಿತ್ರಾರ್ಜಿತವನ್ನು ಇಷ್ಟು ಅಚ್ಚುಕಟ್ಟಾಗಿ ಪಾಲುಮಾಡಿಕೊಂಡ ಮನೆತನ ಇನ್ನೊಂದಿರಲಾರದು. ಇಂದಿಗೂ ವಾಯುದೀಪ್ತಿಯ ಮಾನಕ್ಕೆ ಮಗನ ನೆನಪಿನಲ್ಲಿ ರ್‍ಯಾಲೇ ಎಂದೇ ಹೆಸರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರಕುಮಾರ ಮಿತ್ರರು 1947ರಲ್ಲಿ ಪ್ರಕಟಿಸಿದ, ವಾಯುಮಂಡಲದ ಮೇಲ್ಭಾಗವನ್ನು ಕುರಿತ ಬೃಹದ್ಗ್ರಂಥ ಜಗತ್ತಿನ ವಿದ್ವಾಂಸರಿಗೆಲ್ಲ ಬಹುಕಾಲ ಆಕರವಾಗಿತ್ತೆಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯುವುದು ಉಚಿತವಲ್ಲ.

ಸೂರ್ಯನಿಲ್ಲದ ಹೊತ್ತಿನಲ್ಲಿ ಗಾಳಿ ಹೊಳೆಯುವುದಾದರೂ ಏತರಿಂದ? ಸೂರ್ಯನಿಂದಲೇ ಎಂಬುದು ಉತ್ತರ. ಆದರೆ ನಾವು ಕಾಣುವ ಬಿಸಿಲಿನಿಂದಲ್ಲ. ಸೂರ್ಯನ ಪ್ರಕಾಶದಲ್ಲಿ ನೇರಳೆಯಿಂದಾಚೆಗಿನ, 400 ನ್ಯಾನೊಮೀಟರಿಗಿಂತ ಗಿಡ್ಡ ಅಲೆಗಳ ಅಂಶ ನೂರಕ್ಕೆ ಎಂಟರಷ್ಟು. ಅದರಲ್ಲಿಯೂ 242 ನ್ಯಾನೊಮೀಟರಿಗಿಂತ ಕೆಳಗಿನದು ಅತ್ಯಲ್ಪ. ಈ ಅತ್ಯಲ್ಪದ ಕೈಯಲ್ಲಿಯೇ ಆಮ್ಲಜನಕದ ಅಣುವನ್ನು ಎರಡಾಗಿ ಸೀಳುವ ಬಲವಿದೆ. ಕೆಳಗಿನ ದಟ್ಟವಾದ ಗಾಳಿಯಲ್ಲಿ ಹಾಗೆ ಸೀಳಿದ ಪರಮಾಣು ಒಡನೆಯೇ ಇನ್ನೊಂದು ಅಣುವನ್ನು ಕೂಡಿ ಓಜೋನ್ ಆಗಿಬಿಡುತ್ತದೆ. ನೂರು ಕಿಲೋಮೀಟರಿನ ಎತ್ತರದಲ್ಲಾದರೋ ಗಾಳಿ ಅಷ್ಟು ವಿರಳವಾದ್ದರಿಂದ ಒಂಟಿ ಪರಮಾಣು ಜೊತೆ ಸಿಗದೆ ಬಹುಕಾಲ ಉಳಿಯುತ್ತದೆ. ಈ ಸೀಮೆಯ ಹಿರಿಯರಿಗೆ ಹಗೇವಿನ ನೆನಪಿದೆ: ಸುಗ್ಗಿಯಲ್ಲಿ ನೆಲದೊಳಗಿನ ಕತ್ತಲೆಗೆ ಇಳಿಸಿ ಬಾಯಿ ಮುಚ್ಚಿದ ಜೋಳ, ಹೊಲದಲ್ಲಿ ಏನೂ ಇಲ್ಲದ ತಿಂಗಳುಗಳಲ್ಲಿ ಮೇಲೆ ಬಂದು ಮನೆಯನ್ನು ಸಲಹುತ್ತಿತ್ತು. ಹಗಲಿನ ನೇರಳಾತೀತ ಕಿರಣ ಆ ಎತ್ತರದ ಗಾಳಿಯಲ್ಲಿ ಸೀಳಿಟ್ಟ ಪರಮಾಣುಗಳೂ ಅಂತೆಯೇ. ಇರುಳೆಲ್ಲ ಅವು ಒಂದೊಂದಾಗಿ ಮರಳಿ ಕೂಡುತ್ತ, ಸೀಳುವಾಗ ವ್ಯಯವಾದ ಶಕ್ತಿಯನ್ನು ಬೆಳಕಾಗಿ ಹಿಂದಕ್ಕೆ ಕೊಡುತ್ತವೆ. ಹಸಿರು ಗೆರೆ ಹುಟ್ಟುವುದು ಸುಮಾರು 97 ಕಿಲೋಮೀಟರ್ ಎತ್ತರದಲ್ಲಿ. ಅದಕ್ಕೂ ಮೇಲೆ, 250 ಕಿಲೋಮೀಟರಿನ ಆಸುಪಾಸಿನಲ್ಲಿ, ಇಲೆಕ್ಟ್ರಾನನ್ನು ಕಳೆದುಕೊಂಡಿದ್ದ ಆಮ್ಲಜನಕದ ಅಣು ಅದನ್ನು ಮರಳಿ ಪಡೆಯುವಾಗ 630 ನ್ಯಾನೊಮೀಟರಿನ ಕೆಂಪು ಗೆರೆ ಹುಟ್ಟುತ್ತದೆ. ಉದ್ರಿಕ್ತವಾದ ಪರಮಾಣು ಈ ಕೆಂಪು ಬೆಳಕನ್ನು ಬಿಡುವುದಕ್ಕೆ ಒಂದೂ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆಯಾದ್ದರಿಂದ, ಅಷ್ಟು ಹೊತ್ತು ಯಾರೂ ಬಂದು ಢಿಕ್ಕಿ ಹೊಡೆಯದ ವಿರಳವಾದ ಎತ್ತರದಲ್ಲಿ ಮಾತ್ರ ಅದು ಸಾಧ್ಯ.

ಈ ಕಾಣದ ಬಿಸಿಲಿನ ಇರವು ನಮ್ಮ ಹಳ್ಳಿಗಳಿಗೆ ಉಪಗ್ರಹಗಳು ಹಾರುವುದಕ್ಕೆ ಮುಂಚೆಯೇ ಪರೋಕ್ಷವಾಗಿ ತಿಳಿದಿತ್ತು, ರೇಡಿಯೋದ ಮೂಲಕ. ಸೂರ್ಯನ ಜಲಜನಕ ಸೂಸುವ 121.6 ನ್ಯಾನೊಮೀಟರಿನ ಲೈಮನ್-ಆಲ್ಫಾ ಕಿರಣ ಎಪ್ಪತ್ತು ತೊಂಬತ್ತು ಕಿಲೋಮೀಟರಿನ ಎತ್ತರದಲ್ಲಿ ನೈಟ್ರಿಕ್ ಆಕ್ಸೈಡಿನಿಂದ ಇಲೆಕ್ಟ್ರಾನುಗಳನ್ನು ಕಿತ್ತು, ಹಗಲಿನಲ್ಲಿ ಮಾತ್ರ ಇರುವ ಒಂದು ಪದರವನ್ನು ಕಟ್ಟುತ್ತದೆ. ಮಧ್ಯಮ ತರಂಗದ ರೇಡಿಯೋ ಅಲೆಗಳು ಮೇಲಕ್ಕೇರುತ್ತಲೇ ಆ ಪದರ ಅವನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪದರ ಕರಗಿಹೋಗಿ, ಅಲೆಗಳು ಇನ್ನೂ ಮೇಲಿನ ಅಯಾನುಗೋಳದವರೆಗೆ ಹೋಗಿ ಪ್ರತಿಫಲಿಸಿ ಬಹುದೂರದಲ್ಲಿ ಇಳಿಯುತ್ತವೆ. ಹಗಲೆಲ್ಲ ಭದ್ರಾವತಿ ಆಕಾಶವಾಣಿಯೊಂದನ್ನೇ ಸ್ಪಷ್ಟವಾಗಿ ಕೇಳಿಸುತ್ತಿದ್ದ ಜಗಲಿಯ ರೇಡಿಯೋ, ರಾತ್ರಿಯ ಊಟದ ಹೊತ್ತಿಗೆ ಗೊತ್ತಿಲ್ಲದ ಭಾಷೆಗಳ ಗದ್ದಲವನ್ನೆಲ್ಲ ತಂದು ಸುರಿಯುತ್ತಿದ್ದುದರ ಕಾರಣ ಇದು. ಮುಳ್ಳನ್ನು ಅತ್ತಿತ್ತ ತಿರುಗಿಸುತ್ತ ಬೈದುಕೊಳ್ಳುತ್ತಿದ್ದವರು ಸೂರ್ಯನ ನೇರಳಾತೀತ ಕಿರಣದ ಅಭಾವವನ್ನು ಅಳೆಯುತ್ತಿದ್ದರೆಂದರೆ ನಗುತ್ತಿದ್ದರೋ ಏನೋ.

ಆದರೆ ಅಭಾವದಿಂದ ಅಳೆಯುವುದು ಬೇರೆ, ನೇರವಾಗಿ ಅಳೆಯುವುದು ಬೇರೆ. ಸೊಕ್ಕೆಯಿರುವುದು ಉತ್ತರ ಅಕ್ಷಾಂಶದ ಸುಮಾರು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದ ಹೊತ್ತಿಗೊಮ್ಮೆ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ಆಗಸ್ಟಿನಲ್ಲಿ ಮುಂಗಾರಿನ ಮೋಡವಾದರೂ ಅಡ್ಡವಿರುತ್ತದೆ, ಏಪ್ರಿಲ್ಲಿನಲ್ಲಿ ಅದೂ ಇಲ್ಲ. ನೆಲವನ್ನು ಮುಟ್ಟುವ ನೇರಳಾತೀತ ಕಿರಣ ಆಗ ಅತ್ಯುಗ್ರವಾಗಿರುತ್ತದೆಂಬುದು ನಿಜವಾದರೂ, ಸುಮಾರು 300 ನ್ಯಾನೊಮೀಟರಿಗಿಂತ ಕೆಳಗಿನದನ್ನು ಮೇಲಿನ ಓಜೋನ್ ಬಹುಮಟ್ಟಿಗೆ ತಡೆದುಬಿಟ್ಟಿರುತ್ತದೆ. ಆ ಓಜೋನನ್ನೆಲ್ಲ ನೆಲದ ಮಟ್ಟದ ಒತ್ತಡಕ್ಕೆ ತಂದು ಹಾಸಿದರೆ ದಪ್ಪ ಮೂರು ಮಿಲಿಮೀಟರು, ನಮ್ಮ ಉಷ್ಣವಲಯದಲ್ಲಿ ಅದಕ್ಕೂ ಕಡಿಮೆ. ಇಷ್ಟು ತೆಳ್ಳನೆಯ ತೆರೆ ನಮ್ಮ ಚರ್ಮವನ್ನೂ ಬೆಳೆಯನ್ನೂ ಕಾಯುತ್ತದೆ. ಹಾಗೆ ಕಾಯುವುದರಿಂದಲೇ ನೆಲದ ಮೇಲೆ ನಿಂತ ಯಾವ ಉಪಕರಣಕ್ಕೂ ಸೂರ್ಯನ ನಿಜವಾದ ನೇರಳಾತೀತ ಮುಖ ಕಾಣದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಅಕ್ಟೋಬರಿನಲ್ಲಿ, ಜರ್ಮನರಿಂದ ವಶಪಡಿಸಿಕೊಂಡ ವಿ-2 ರಾಕೆಟ್ಟಿನಲ್ಲಿ ಅಮೆರಿಕದ ರಿಚರ್ಡ್ ಟೌಸಿಯ ತಂಡ ರೋಹಿತಲೇಖಿಯನ್ನು ಕಳಿಸಿ ಓಜೋನ್ ಪದರದ ಮೇಲಿನಿಂದ ಸೂರ್ಯನ ಪಟ ತೆಗೆದಾಗಲೇ ಆ ಮುಖದ ಮೊದಲ ದರ್ಶನ. ರಾಕೆಟ್ಟಿಗೆ ದೊರೆಯುವುದು ನಿಮಿಷಗಳ ನೋಟ; ವರ್ಷಗಳ ನೋಟ ಬೇಕಾದರೆ ಉಪಗ್ರಹವೇ ಬೇಕು.

ಉಪಗ್ರಹಕ್ಕೆ ಮೊದಲೂ ಒಂದು ಅಡ್ಡದಾರಿಯಿತ್ತು. ಅದು ನಮ್ಮ ಕೊಡೈಕೆನಾಲಿನಲ್ಲಿ. ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತಕ್ಕೆ ಸೇರಿದ ಆ ಸೌರ ವೀಕ್ಷಣಾಲಯದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ, ಕ್ಯಾಲ್ಸಿಯಮ್ಮಿನ 393.4 ನ್ಯಾನೊಮೀಟರಿನ ಗೆರೆಯಲ್ಲಿ ಸೂರ್ಯನ ಚಿತ್ರವನ್ನು ಗಾಜಿನ ಫಲಕಗಳ ಮೇಲೆ ಇಳಿಸುತ್ತ ಬಂದಿದ್ದರು. ನೇರಳೆಯ ಅಂಚಿನಲ್ಲಿರುವ ಈ ಗೆರೆ ವಾಯುಮಂಡಲವನ್ನು ದಾಟಿ ನೆಲಕ್ಕೆ ಬರುವಂಥದು. ಇದರಲ್ಲಿ ಬೆಳ್ಳಗೆ ಕಾಣುವ ಸೂರ್ಯನ ಪ್ರದೇಶಗಳೇ ನೇರಳಾತೀತದಲ್ಲಿಯೂ ಪ್ರಜ್ವಲಿಸುವ ಪ್ರದೇಶಗಳು. ಫಲಕಗಳನ್ನೆಲ್ಲ ಗಣಕಕ್ಕೆ ಇಳಿಸಿರುವುದರಿಂದ, ಉಪಗ್ರಹಗಳಿಲ್ಲದ ದಶಕಗಳಲ್ಲಿ ಸೂರ್ಯನ ಈ ಕಿರಣ ಎಷ್ಟು ಏರಿ ಎಷ್ಟು ಇಳಿಯಿತೆಂಬುದನ್ನು ಇಂದು ಹಿಂದಕ್ಕೆ ಲೆಕ್ಕ ಹಾಕಬಹುದಾಗಿದೆ. ಬೆಳಗಾಗೆದ್ದು ಫಲಕ ಬದಲಾಯಿಸಿದ ಆ ಹೆಸರಿಲ್ಲದ ಸಹಾಯಕರಿಗೆ ತಾವು ನೇರಳಾತೀತದ ದಿನಚರಿ ಬರೆಯುತ್ತಿದ್ದೇವೆಂಬ ಕಲ್ಪನೆಯೂ ಇದ್ದಿರಲಾರದು.

ಕರ್ನಾಟಕಕ್ಕೂ ಉಪಗ್ರಹಕ್ಕೂ ನಂಟು ಬೆಳೆದದ್ದು ಪೀಣ್ಯದ ಕೈಗಾರಿಕಾ ವಸಾಹತಿನ ಷೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನವರಾದ ಯು.ಆರ್. ರಾಯರ ನೇತೃತ್ವದಲ್ಲಿ ಅಲ್ಲಿ ಸಿದ್ಧವಾದ 360 ಕಿಲೋಗ್ರಾಮಿನ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಎಕ್ಸ್-ಕಿರಣ, ಸೌರ ಕಣಗಳು, ಮೇಲಿನ ವಾಯುಮಂಡಲ ಎಂಬ ಮೂರು ಅಧ್ಯಯನಗಳನ್ನು ಹೊತ್ತಿದ್ದರೂ, ಕೆಲವೇ ದಿನಗಳಲ್ಲಿ ಉಪಕರಣಗಳ ವಿದ್ಯುತ್ತು ಕೈಕೊಟ್ಟಿತು. ಉಪಗ್ರಹ ಮಾತ್ರ ಬಹುಕಾಲ ಮಾತಾಡಿತು. ಆ ಕಥೆಯನ್ನು ಬಲ್ಲವರು ಬಹಳ ಮಂದಿ. ಇಲ್ಲಿಗೆ ಅಷ್ಟು ಸಾಕು.

ಹೆಚ್ಚು ಹೊತ್ತು ನಿಂತು ನೋಡತಕ್ಕದ್ದು ಹೊಸಕೋಟೆ. ಅಲ್ಲಿನ ಖಭೌತ ಸಂಸ್ಥೆಯ ಆವರಣದಲ್ಲಿ, ಧೂಳಿನ ಕಣವನ್ನೂ ಎಣಿಸುವ ಶುದ್ಧ ಕೋಣೆಯೊಳಗೆ, 38 ಸೆಂಟಿಮೀಟರ್ ವ್ಯಾಸದ ಜೋಡಿ ದೂರದರ್ಶಕ ಸಿದ್ಧವಾಗಿ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ 650 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಯುವಿಐಟಿ ಎಂಬ ಈ ಉಪಕರಣ ಸೂರ್ಯನತ್ತ ಮುಖ ಮಾಡುವಂಥದಲ್ಲ. ದೂರದ ನಕ್ಷತ್ರಗಳ, ಬ್ರಹ್ಮಾಂಡಗಳ ನೇರಳಾತೀತವೇ ಅದರ ಬೇಟೆ. ನೇರಳಾತೀತದ ಉಪಕರಣಕ್ಕೆ ದೊಡ್ಡ ವೈರಿ ಎಣ್ಣೆಯಂಥ ಜೈವಿಕ ಆವಿಯ ಲೇಶ: ಅದು ಕನ್ನಡಿಯ ಮೇಲೆ ಕೂತು, ಅದರ ಮೇಲೆ ನೇರಳಾತೀತ ಕಿರಣ ಬಿದ್ದರೆ, ಬಿಡಿಸಲಾಗದ ಪೊರೆಯಾಗಿ ಗಟ್ಟಿಕಟ್ಟಿ ಕನ್ನಡಿಯನ್ನು ಕುರುಡುಮಾಡುತ್ತದೆ. ಆದ್ದರಿಂದಲೇ ಉಡಾವಣೆಯಾಗಿ ಎರಡು ತಿಂಗಳು, ಉಪಗ್ರಹದ ಆವಿಗಳೆಲ್ಲ ಶೂನ್ಯದಲ್ಲಿ ಹೊರಟುಹೋಗುವವರೆಗೆ, ದೂರದರ್ಶಕದ ಬಾಗಿಲು ತೆರೆಯಲಿಲ್ಲ. ಅಷ್ಟು ತಾಳ್ಮೆಯಿಂದ ಬಾಗಿಲು ತೆರೆದರೆ ಎದುರಿಗೆ ಬಂದು ನಿಂತದ್ದು ನಮ್ಮ ಗಾಳಿಯ ಬೆಳಕೇ. 650 ಕಿಲೋಮೀಟರಿನ ಮೇಲೆಯೂ ಆಮ್ಲಜನಕದ ಪರಮಾಣುಗಳಿವೆ, ಅವು 130.4 ಮತ್ತು 135.6 ನ್ಯಾನೊಮೀಟರಿನಲ್ಲಿ ಮಿನುಗುತ್ತವೆ. ಅದಕ್ಕೂ ಮೇಲೆ ಭೂಮಿಯನ್ನು ಸುತ್ತುವರಿದ ಜಲಜನಕದ ಮಹಾಪರಿವೇಷವು ಲೈಮನ್-ಆಲ್ಫಾದಲ್ಲಿ ಹಗಲಿರುಳೂ ಬೆಳಗುತ್ತಿರುತ್ತದೆ. ಇವುಗಳನ್ನು ಸೋಸುವುದಕ್ಕೆ ಹೂಡಿದ ಉಪಾಯ ಸರಳವೂ ಸುಂದರವೂ ಆದುದು: ಕ್ಯಾಲ್ಸಿಯಂ ಫ್ಲೂರೈಡಿನ ಹರಳು ಸುಮಾರು 125 ನ್ಯಾನೊಮೀಟರಿಗಿಂತ ಗಿಡ್ಡ ಅಲೆಗಳನ್ನು ಒಳಬಿಡುವುದಿಲ್ಲವಾದ್ದರಿಂದ ಲೈಮನ್-ಆಲ್ಫಾ ಹೊರಗೇ ಉಳಿಯುತ್ತದೆ, ಬೇರಿಯಂ ಫ್ಲೂರೈಡಿನ ಹರಳಾದರೆ ಸುಮಾರು 135ರಿಂದ ಕೆಳಗಿನದನ್ನು ತಡೆದು ಆಮ್ಲಜನಕದ 130.4ನ್ನೂ ಹೊರಗಟ್ಟುತ್ತದೆ. ಅಳಿದುಳಿದುದನ್ನು ಗಣಿತದಿಂದ ಕಳೆಯಬೇಕು. ಈ ಕಳೆಯುವ ಕೆಲಸದಲ್ಲಿ ಖಭೌತ ಸಂಸ್ಥೆಯ ಜಯಂತ್ ಮೂರ್ತಿಯವರು ಅಮೆರಿಕದ ಗ್ಯಾಲೆಕ್ಸ್ ಉಪಗ್ರಹದ ವರ್ಷಾನುಗಟ್ಟಲೆಯ ವೀಕ್ಷಣೆಗಳನ್ನು ಶೋಧಿಸಿ, ಅದರ ಹಿನ್ನೆಲೆಯ ಬೆಳಕಿನಲ್ಲಿ ಎಷ್ಟು ಪಾಲು ವಾಯುದೀಪ್ತಿಯದು, ನಡುರಾತ್ರಿಯಿಂದ ದೂರ ಸರಿದಷ್ಟೂ ಅದು ಹೇಗೆ ಬದಲಾಗುತ್ತದೆಂಬುದನ್ನು ಬಿಡಿಸಿ ತೋರಿಸಿದ್ದಾರೆ.

ಬ್ರಹ್ಮಾಂಡವನ್ನು ಅರಸುವವನಿಗೆ ಕಸವಾದದ್ದು ಭೂಮಿಯನ್ನು ಅರಸುವವನಿಗೆ ಬೆಳೆ. ಯುವಿಐಟಿಯ ಹಿನ್ನೆಲೆಯಿಂದ ಹೊಸಕೋಟೆಯವರು ಕಳೆದು ಬಿಸುಡುವ 135.6ರ ಆ ಗೆರೆಯನ್ನೇ ಹುಡುಕಿಕೊಂಡು ಅಮೆರಿಕದ ಗೋಲ್ಡ್ ಎಂಬ ಉಪಕರಣ 2018ರಲ್ಲಿ ಭೂಸ್ಥಿರ ಕಕ್ಷೆಗೆ ಹೋಯಿತು. ರಾತ್ರಿಯಲ್ಲಿ ಆ ಗೆರೆ ಹುಟ್ಟುವುದು ಆಮ್ಲಜನಕದ ಅಯಾನು ಇಲೆಕ್ಟ್ರಾನನ್ನು ಮರಳಿ ಕೂಡುವಾಗ. ಎರಡೂ ಸರಿಸಮನಾಗಿ ಇರುವುದರಿಂದ ಅದರ ಪ್ರಖರತೆ ಇಲೆಕ್ಟ್ರಾನುಗಳ ಸಾಂದ್ರತೆಯ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಬೆಳಕನ್ನು ಅಳೆದರೆ ಅಯಾನುಗೋಳದ ನಕ್ಷೆಯೇ ಕೈಗೆ ಬಂದಂತೆ.

ಭಾರತವೂ ಇಂಥ ಕೆಲಸಕ್ಕೆ ಕೈಹಾಕಿದ್ದುಂಟು. 2011ರ ಏಪ್ರಿಲ್ 20ರಂದು ಶ್ರೀಹರಿಕೋಟೆಯಿಂದ ರಿಸೋರ್ಸ್‌ಸ್ಯಾಟ್-2ರ ಜೊತೆ ಹಾರಿದ, 92 ಕಿಲೋಗ್ರಾಮಿನ ಯೂತ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದಲ್ಲಿ ಮೂರು ಉಪಕರಣಗಳಿದ್ದವು. ಮಾಸ್ಕೋ ವಿಶ್ವವಿದ್ಯಾಲಯದ ಸೋಲ್‌ರ್‍ಯಾಡ್ ಸೂರ್ಯನ ಎಕ್ಸ್ ಮತ್ತು ಗಾಮಾ ಕಿರಣಗಳನ್ನು ಅಳೆಯತಕ್ಕದ್ದು. ಭಾರತೀಯರ ಲಿವ್‌ಹೈಸಿ ಭೂಮಿಯ ಅಂಚನ್ನು ಪಕ್ಕದಿಂದ ನೋಡುತ್ತ ವಾಯುದೀಪ್ತಿಯನ್ನು ಬಣ್ಣಬಣ್ಣವಾಗಿ, ಪದರಪದರವಾಗಿ ಬಿಡಿಸತಕ್ಕದ್ದು. ರ್‍ಯಾಬಿಟ್ ಎಂಬುದು ಎರಡು ಆವೃತ್ತಿಗಳಲ್ಲಿ ರೇಡಿಯೋ ಸಂಕೇತ ಕಳಿಸಿ ನಡುವಣ ಇಲೆಕ್ಟ್ರಾನುಗಳನ್ನು ಎಣಿಸತಕ್ಕದ್ದು. ಸೂರ್ಯ ಕೊಟ್ಟದ್ದನ್ನೂ ಗಾಳಿ ಮರಳಿ ಸೂಸುವುದನ್ನೂ ಒಂದೇ ಉಪಗ್ರಹದಿಂದ ನೋಡುವ ಯೋಚನೆ ಇದು. ರ್‍ಯಾಬಿಟ್ಟಿನ ಸಂಕೇತ ಹಿಡಿಯುವ ನೆಲದ ಕೇಂದ್ರಗಳು ತಿರುವನಂತಪುರ, ಬೆಂಗಳೂರು, ಹೈದರಾಬಾದು, ಭೋಪಾಲ, ದೆಹಲಿ ಎಂದು ಪೂರ್ವ ರೇಖಾಂಶದ 77 ಡಿಗ್ರಿಯ ಆಸುಪಾಸಿನಲ್ಲಿ ಸಾಲುಗಟ್ಟಿದ್ದವು. ಜಗಳೂರು ಸೀಮೆ ಆ ಸಾಲಿಗೆ ಅಷ್ಟೇನೂ ದೂರವಲ್ಲ. ನನಗೆ ಅನ್ನಿಸುವುದೇನೆಂದರೆ, ಯೂತ್‌ಸ್ಯಾಟಿಗೆ ಸಲ್ಲಬೇಕಾದಷ್ಟು ಪ್ರಸಿದ್ಧಿ ಸಲ್ಲಲಿಲ್ಲ. ನೆರೆಯ ಚಳ್ಳಕೆರೆಯ ಓಡುದಾರಿಯ ಮೇಲೆ 2024ರಲ್ಲಿ ಪುಷ್ಪಕವೆಂಬ ರೆಕ್ಕೆಯ ವಾಹನ ಹೆಲಿಕಾಪ್ಟರಿನಿಂದ ಕಳಚಿ ತಾನೇ ತಾನಾಗಿ ಇಳಿದಾಗ ಪತ್ರಿಕೆಗಳೆಲ್ಲ ಅದನ್ನು ವರ್ಣಿಸಿದವು, ವರ್ಣಿಸಬೇಕಾದ್ದೇ. ಗಾಳಿಯ ಮಂದಪ್ರಭೆಯನ್ನು ಎಣಿಸುವ ಪೆಟ್ಟಿಗೆಗೆ ಅಂಥ ಅದೃಷ್ಟವಿಲ್ಲ.

ಆದರೂ ಅದರ ಪ್ರಯೋಜನ ದೂರದ್ದಲ್ಲ. ಭೂಕಾಂತದ ಸಮಭಾಜಕ ವೃತ್ತ ನಮ್ಮ ದೇಶದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅದರ ಸುತ್ತಿನ ಅಯಾನುಗೋಳದಲ್ಲಿ ಸೂರ್ಯಾಸ್ತದ ತರುವಾಯ ಒಮ್ಮೊಮ್ಮೆ ಕೆಳಗಿನ ವಿರಳ ಭಾಗ ಗುಳ್ಳೆಯಾಗಿ ಮೇಲಕ್ಕೆದ್ದು, ಉತ್ತರದಕ್ಷಿಣವಾಗಿ ನೂರಾರು ಕಿಲೋಮೀಟರ್ ಉದ್ದಕ್ಕೆ ಹಿಗ್ಗಿ, ಮೆಲ್ಲಗೆ ಪೂರ್ವಕ್ಕೆ ತೇಲುತ್ತದೆ. ಉಪಗ್ರಹದಿಂದ ದಿಕ್ಕು ತಿಳಿಸುವ ಸಂಕೇತಗಳು, ಜಿಪಿಎಸ್ ಆಗಲಿ ನಮ್ಮ ನಾವಿಕ್ ಆಗಲಿ, ಇಂಥ ಗುಳ್ಳೆಯನ್ನು ಹಾದು ಬರುವಾಗ ನಡುಗುತ್ತವೆ, ಕೆಲವೊಮ್ಮೆ ಕಡಿದೂಹೋಗುತ್ತವೆ. ಕೆಂಪು ವಾಯುದೀಪ್ತಿಯಲ್ಲಿ ಈ ಗುಳ್ಳೆಗಳು ಕಪ್ಪು ಪಟ್ಟೆಗಳಾಗಿ ಕಾಣುತ್ತವೆ. ಕನ್ನಡ ನಾಡಿನ ಗಡಿಗೆ ತಾಗಿದ ಕೊಲ್ಲಾಪುರದಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಇಡೀ ಆಕಾಶವನ್ನು ಒಮ್ಮೆಗೇ ಹಿಡಿಯುವ ಮಸೂರದಿಂದ ಅವುಗಳ ಚಿತ್ರ ತೆಗೆದಿದ್ದಾರೆ. ಕೆಂಪು ಪದರ 250 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಆ ಮಸೂರಕ್ಕೆ ಎಲ್ಲ ದಿಕ್ಕುಗಳಲ್ಲೂ ನೂರಾರು ಕಿಲೋಮೀಟರ್ ದೂರದ ಆಕಾಶ ಎಟುಕುತ್ತದೆ. ಸೊಕ್ಕೆಯೋ ಅಲ್ಲಿಂದ ಆಗ್ನೇಯಕ್ಕೆ ನೇರದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಹಾಗಾಗಿ ಇಲ್ಲಿಯ ಹೊಲಗಳ ನೆತ್ತಿಯ ಮೇಲಿನ ಕೆಂಪು ಪ್ರಭೆ ಕೊಲ್ಲಾಪುರದ ಆಕಾಶದ ಒಳಗೇ ಬೀಳುತ್ತದೆ.

ಈಗ ಮೂಲಕ್ಕೆ, ಸೂರ್ಯನಿಗೆ, ಮರಳೋಣ. 2023ರ ಸೆಪ್ಟೆಂಬರ್ 2ರಂದು ಹೊರಟು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತಣ ಪಥವನ್ನು 2024ರ ಜನವರಿ 6ರಂದು ಸೇರಿದ ಭಾರತದ ಆದಿತ್ಯ ನೌಕೆಯ ಏಳು ಉಪಕರಣಗಳಲ್ಲಿ ಒಂದು ಸೂಟ್. ಪುಣೆಯ ಐಯೂಕಾ ಸಂಸ್ಥೆಯಲ್ಲಿ ರೂಪುಗೊಂಡ ಈ ದೂರದರ್ಶಕ 200ರಿಂದ 400 ನ್ಯಾನೊಮೀಟರುಗಳ ನಡುವೆ ಸೂರ್ಯನ ಪೂರ್ಣಬಿಂಬವನ್ನು ಹನ್ನೊಂದು ಸೋಸುಗಾಜುಗಳ ಮೂಲಕ ಚಿತ್ರಿಸುತ್ತದೆ. ಓಜೋನನ್ನು ಹುಟ್ಟಿಸುವ ಕಿರಣಗಳ ಒಂದಂಶವೂ, ಓಜೋನ್ ತಡೆಯುವ ಕಿರಣಗಳ ಬಹ್ವಂಶವೂ ಈ ಪಟ್ಟಿಯಲ್ಲೇ ಇವೆ. ಹಳೆಯ ಉಪಗ್ರಹಗಳು ಸೂರ್ಯನನ್ನು ಒಂದು ಚುಕ್ಕೆಯೆಂಬಂತೆ ಕಂಡು ಒಟ್ಟು ಕಿರಣವನ್ನು ಅಳೆದವು. ಇದು ಆ ಕಿರಣ ಬಿಂಬದ ಯಾವ ಮೂಲೆಯಿಂದ ಬಂತೆಂಬುದನ್ನು ಹೇಳಬಲ್ಲದು. ಸೋಸುಗಾಜುಗಳಲ್ಲಿ ಎರಡು, ಸೂರ್ಯನ ವರ್ಣಗೋಳದ ಏರಿಳಿತಕ್ಕೆ 1978ರ ನಿಂಬಸ್-7 ಉಪಗ್ರಹದ ಕಾಲದಿಂದ ಕೈಪಿಡಿಯಾಗಿರುವ, 280 ನ್ಯಾನೊಮೀಟರಿನ ಮೆಗ್ನೀಸಿಯಂ ಗೆರೆಗಳಿಗೆ. ಇನ್ನೊಂದು ಕ್ಯಾಲ್ಸಿಯಮ್ಮಿಗೆ, ಎಂದರೆ ಕೊಡೈಕೆನಾಲಿನ ಗಾಜಿನ ಫಲಕಗಳ ಗೆರೆಯ ಜೊತೆಗಾತಿಗೆ. 2023ರ ಡಿಸೆಂಬರಿನಲ್ಲಿ ಸೂಟ್‌ನ ಮೊದಲ ಚಿತ್ರಗಳು ಪ್ರಕಟವಾದವು. 2024ರ ಫೆಬ್ರವರಿ 22ರಂದು ಸಿಡಿದ ಎಕ್ಸ್6.3 ದರ್ಜೆಯ ಮಹಾಸೌರಜ್ವಾಲೆಯನ್ನು ಅದು ನೇರಳಾತೀತದಲ್ಲಿ ಹಿಡಿದಿದೆ. ಆದಿತ್ಯನ ದತ್ತಾಂಶ ಇಳಿಯುವುದು ಬೆಂಗಳೂರಿನ ಹೊರಗಿನ ಬ್ಯಾಲಾಳು ಗ್ರಾಮದ ದೊಡ್ಡ ಆಂಟೆನಾಗಳಿಗೆ.

ಸೂರ್ಯನ ಒಟ್ಟು ತೇಜಸ್ಸು ಹನ್ನೊಂದು ವರ್ಷಗಳ ಚಕ್ರದಲ್ಲಿ ಸಾವಿರದಲ್ಲೊಂದಂಶದಷ್ಟು ಮಾತ್ರ ಏರಿಳಿಯುತ್ತದೆ. ಗಿಡ್ಡ ಅಲೆಗಳ ಕಡೆಗೆ ಹೋದಷ್ಟೂ ಏರಿಳಿತ ಹೆಚ್ಚುತ್ತ, ಲೈಮನ್-ಆಲ್ಫಾದ ಹೊತ್ತಿಗೆ ಅದು ಒಂದೂವರೆ ಪಟ್ಟನ್ನೂ ಮೀರುತ್ತದೆ. ಉಬ್ಬರದ ವರ್ಷಗಳಲ್ಲಿ ಮೇಲಿನ ಗಾಳಿ ಕಾದು ಹಿಗ್ಗಿ ಕೆಳಕಕ್ಷೆಯ ಉಪಗ್ರಹಗಳನ್ನು ಎಳೆದು ಬೀಳಿಸುವುದೂ, ವಾಯುದೀಪ್ತಿ ಪ್ರಖರವಾಗುವುದೂ ಇದರಿಂದಲೇ. 2024ರ ಮೇ 10ರ ಮಹಾಕಾಂತಚಂಡಮಾರುತದ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಆಕಾಶವೇ ಕೆಂಪಾಗಿ ಕಂಡಿತು; ಅಂದು ಗಾಳಿಗೆ ಶಕ್ತಿ ಕೊಟ್ಟದ್ದು ನೇರಳಾತೀತವಲ್ಲ, ಸೂರ್ಯನಿಂದ ಬಂದ ಕಣಗಳ ಅಬ್ಬರ. ಬಣ್ಣ ಮಾತ್ರ ಅದೇ 630ರ ಕೆಂಪು.

1972ರಲ್ಲಿ ಅಪೊಲೋ-16ರ ಯಾತ್ರಿಕರು ಜಾರ್ಜ್ ಕರೂಥರ್ಸ್ ರಚಿಸಿದ ಕ್ಯಾಮೆರಾವನ್ನು ಚಂದ್ರನ ನೆಲದ ಮೇಲಿಟ್ಟು ಭೂಮಿಯ ಜಲಜನಕದ ಪರಿವೇಷವನ್ನು ಹೊರಗಿನಿಂದ ಚಿತ್ರಿಸಿದ್ದರು. ಆ ಪರಿವೇಷ 6,30,000 ಕಿಲೋಮೀಟರಿನವರೆಗೆ, ಎಂದರೆ ಚಂದ್ರನನ್ನೂ ದಾಟಿ, ಹಬ್ಬಿದೆಯೆಂದು ಸೋಹೋ ನೌಕೆಯ ಹಳೆಯ ವೀಕ್ಷಣೆಗಳಿಂದ 2019ರಲ್ಲಿ ತಿಳಿದುಬಂತು: ಕ್ಯಾಮೆರಾವನ್ನಿಟ್ಟದ್ದು ಹೊರಗಲ್ಲ, ಪರಿವೇಷದ ಒಳಗೇ. ಕರೂಥರ್ಸರ ಹೆಸರನ್ನೇ ಹೊತ್ತ ಅಮೆರಿಕದ ಉಪಗ್ರಹವೊಂದು 2025ರ ಸೆಪ್ಟೆಂಬರಿನಲ್ಲಿ ಎಲ್1ರತ್ತ ಹೊರಟಿತು. ಆದಿತ್ಯ ಸೂರ್ಯನತ್ತ ಮುಖ ಮಾಡಿರುವ ಕಡೆಯಲ್ಲಿಯೇ ಇದು ಭೂಮಿಯತ್ತ ಮುಖ ಮಾಡಿ ಆ ಪರಿವೇಷವನ್ನು ನೋಡತಕ್ಕದ್ದು.

ಇಲ್ಲಿ ಒಂದು ತೊಡಕಿದೆ. ನೇರಳಾತೀತ ಕಿರಣ ತನ್ನನ್ನು ಅಳೆಯುವ ಕಣ್ಣನ್ನೇ ವರ್ಷದಿಂದ ವರ್ಷಕ್ಕೆ ಮಂಕುಮಾಡುತ್ತದೆ. ಕಿರಣ ಕುಗ್ಗಿತೋ ಕಣ್ಣು ಕುಗ್ಗಿತೋ ಎಂಬ ಸಂಶಯ ಈ ವಿದ್ಯೆಯಲ್ಲಿ ಹಳೆಯದು. ಒಂದು ಉಪಗ್ರಹ ಮುದಿಯಾಗುವ ಮೊದಲೇ ಇನ್ನೊಂದು ಹೋಗಿ ಇಬ್ಬರೂ ಕೆಲಕಾಲ ಒಂದೇ ಸೂರ್ಯನನ್ನು ನೋಡಿದರೆ ಮಾತ್ರ ಅದು ಪರಿಹಾರವಾಗುತ್ತದೆ. ಆದಿತ್ಯನಿಗೆ ಗೊತ್ತುಮಾಡಿದ ಆಯುಸ್ಸು ಐದು ವರ್ಷ. ಅದು ಹೊರಟದ್ದು ಸೂರ್ಯನ ಇಪ್ಪತ್ತೈದನೆಯ ಚಕ್ರದ ಉಬ್ಬರದ ಹೊತ್ತಿಗೆ, ಆಯುಸ್ಸು ತೀರುವುದು ಇಳಿತದ ನಡುವೆ. ಇಳಿತದ ತಳವನ್ನು ಉಬ್ಬರದ ತುದಿಯೊಡನೆ ಹೋಲಿಸದೆ ಏರಿಳಿತದ ಲೆಕ್ಕ ಮುಗಿಯುವುದಿಲ್ಲವಾದ್ದರಿಂದ, ಸೂಟ್ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ ಅದರ ಉತ್ತರಾಧಿಕಾರಿಯ ಕೆಲಸವನ್ನು ಪುಣೆಯಲ್ಲೋ ಹೊಸಕೋಟೆಯಲ್ಲೋ ಆರಂಭಿಸುವುದು ಒಳಿತು.